ಈ ಮಳೆಗಾಲ ಓದಿದ್ದು: ಬಲ್ಬಿಗೆ ಯಾವುದು, ಅಟ್ಟಕ್ಕೆ ಯಾವುದು?

ತೋಟದಮನೆ ಅಕ್ಕ (ನಾಪೋಕ್ಲು ಕಡೆ)

ಎಲ್ಲರಿಗೂ ನಮಸ್ಕಾರ. ಇವತ್ತು ಮಳೆ ಸ್ವಲ್ಪ ಬಿಟ್ಟಿದೆ, ಟವರ್ ಸಿಕ್ಕಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಜೂನ್‌ನಿಂದ ಓದಿದ ಪುಸ್ತಕಗಳ ಬಗ್ಗೆ ಅನ್ನಿಸಿದ್ದನ್ನು ಅನ್ನಿಸಿದ ಹಾಗೇ ಹೇಳುತ್ತೇನೆ. ನಾನು ವಿಮರ್ಶಕಿ ಅಲ್ಲ. ಆರು ಎಕರೆ ಕಾಫಿ, ಎರಡು ದನ, ಒಂದು ನಾಯಿ, ಇಷ್ಟೇ ನನ್ನ ಡಿಗ್ರಿ. ದೊಡ್ಡವರ ಪುಸ್ತಕದ ಬಗ್ಗೆ ಹೀಗೆಲ್ಲ ಹೇಳಬಹುದಾ ಅಂತ ಬೈಯುವುದಿದ್ದರೆ ಪುಸ್ತಕ ಓದಿಕೊಂಡು ಬಂದು ಬೈಯಿರಿ.

ನಮ್ಮ ಕಡೆ ಪುಸ್ತಕ ಇಟ್ಟುಕೊಳ್ಳುವುದೂ ಒಂದು ಬೇಸಾಯವೇ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ಗೋಡೆ ಬೆವರುತ್ತದೆ. ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು, ಎಲ್ಲಕ್ಕೂ ಬೂಷ್ಟು. ಪುಸ್ತಕದ ರಟ್ಟಿನ ಮೇಲೆ ಮೊದಲು ಬಿಳಿ ಚುಕ್ಕೆ ಕಾಣುತ್ತದೆ. ಒರೆಸಿದರೆ ಹೋಗುತ್ತದೆ. ನಾಲ್ಕು ದಿನ ಬಿಟ್ಟು ಹಸಿರು ಬಣ್ಣದಲ್ಲಿ ವಾಪಸ್ ಬರುತ್ತದೆ. ನಮ್ಮ ಮಾವನವರು ಇದಕ್ಕೊಂದು ಉಪಾಯ ಮಾಡಿದ್ದರು. ಮರದ ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದು 40 ವ್ಯಾಟ್ ಬಲ್ಬ್ ಉರಿಸಿಡುವುದು. ಅದರ ಕಾವಿಗೆ ಮೇಲಿನ ಎರಡು ಖಾನೆ ಬೆಚ್ಚಗಿರುತ್ತವೆ. ಒತ್ತಿ ತುಂಬಿದರೆ ಗಾಳಿ ಆಡುವುದಿಲ್ಲ. ಸಡಿಲವಾಗಿ ಇಟ್ಟರೆ ಅರವತ್ತು ಪುಸ್ತಕ ಹಿಡಿಯುತ್ತದೆ. ಉಳಿದದ್ದೆಲ್ಲ ಅಟ್ಟದ ಟ್ರಂಕಿಗೆ, ಬೇವಿನ ಸೊಪ್ಪು ಹಾಕಿ, ದೇವರ ಮೇಲೆ ಭಾರ ಹಾಕಿ. ಹಾಗಾಗಿ ಹೊಸ ಪುಸ್ತಕ ಒಂದು ಬಲ್ಬಿಗೆ ಹೋದರೆ ಹಳೇದು ಒಂದು ಅಟ್ಟ ಹತ್ತಬೇಕು. ನನ್ನ ವಿಮರ್ಶೆ ಅಂದರೆ ಈ ಲೆಕ್ಕ ಮಾತ್ರ.

ಮೊದಲು 'ಬೆಟ್ಟದ ಜೀವ'. ಕಾರಂತರದ್ದು, 1943ರಲ್ಲಿ ಬಂದದ್ದು. ಹೈಸ್ಕೂಲಲ್ಲಿ ಓದಿದಾಗ ಬೋರು ಹೊಡೆದಿತ್ತು. ಏನೂ ನಡೆಯುವುದೇ ಇಲ್ಲ ಅನ್ನಿಸಿತ್ತು. ದಾರಿ ತಪ್ಪಿದವನೊಬ್ಬ ಗೋಪಾಲಯ್ಯನವರ ಮನೆಗೆ ಬರುತ್ತಾನೆ, ಊಟ ಮಾಡುತ್ತಾನೆ, ಮಾತಾಡುತ್ತಾನೆ, ತೋಟ ನೋಡುತ್ತಾನೆ. ಈಗ ಓದಿದರೆ ಬೇರೆಯೇ ಪುಸ್ತಕ. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಅಪ್ಪ ಅಮ್ಮ ಅದನ್ನು ನೇರ ಹೇಳುವುದಿಲ್ಲ, ಮಾತಿನ ಸುತ್ತಮುತ್ತ ಇಟ್ಟುಕೊಂಡಿರುತ್ತಾರೆ. ಬಂದ ಅತಿಥಿಯನ್ನು ಇನ್ನೊಂದು ದಿನ ಇರಿ, ಇನ್ನೊಂದು ದಿನ ಇರಿ ಅಂತ ಹಿಡಿದಿಟ್ಟುಕೊಳ್ಳುತ್ತಾರಲ್ಲ, ಅಲ್ಲಿ ನಾನು ಪುಸ್ತಕ ಮುಚ್ಚಿ ಎದ್ದು ಹೋಗಿ ಒಲೆಗೆ ಸೌದೆ ಹಾಕಿ ಬಂದೆ. ನನ್ನ ಮಗ ಬೆಂಗಳೂರಲ್ಲಿದ್ದಾನೆ. ಮೀಟರ್ ರೀಡಿಂಗ್‌ಗೆ ಬರುವ ಹುಡುಗನಿಗೆ ನಾನು ಕೂಡ ಹೀಗೇ ಎರಡನೇ ಲೋಟ ಕಾಫಿ ಬಗ್ಗಿಸುತ್ತೇನೆ. ಕುಮಾರಪರ್ವತದ ಆ ಕಡೆಯ ಕಥೆ ಇದು, ಈ ಕಡೆ ನಾವು. ನಡುವೆ ಇರುವುದು ಒಂದೇ ಬೆಟ್ಟ. ಬಲ್ಬಿಗೆ, ಮೇಲಿನ ಖಾನೆಗೆ.

'ಚಿದಂಬರ ರಹಸ್ಯ'. ತೇಜಸ್ವಿ. ಇದರದ್ದು ನಮ್ಮ ಮನೆಯಲ್ಲಿ ಒಂದು ಕಥೆಯಿದೆ. ಏಲಕ್ಕಿ ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿ ಜೋಗಿಹಾಳರ ಸಾವಿನ ಸುತ್ತ ಕಾದಂಬರಿ ನಡೆಯುತ್ತದೆ ಅಂತ ಯಾರೋ ಹೇಳಿದ್ದೇ, ನಮ್ಮಪ್ಪ ಅದನ್ನು ಕೃಷಿ ಪುಸ್ತಕದ ಹಾಗೆ ಓದಲು ಕೂತರು. ಆಗ ನಮ್ಮ ಏಲಕ್ಕಿ ಮಲೆಯೆಲ್ಲ ಕಟ್ಟೆ ರೋಗಕ್ಕೆ ಹೋಗಿತ್ತು. ಎಲೆಯಲ್ಲಿ ತಿಳಿಹಸಿರು ಗೆರೆ ಮೂಡುವುದು, ಗಿಡ ಕುಳ್ಳಾಗುವುದು, ಒಂದು ಗಿಡದಿಂದ ಇನ್ನೊಂದಕ್ಕೆ ಗಿಡಹೇನು ಅಂಟಿಸುವುದು. ಕಿತ್ತು ಸುಡುವುದು ಬಿಟ್ಟರೆ ಮದ್ದಿಲ್ಲ. ಅಪ್ಪ ಕೊನೇ ಪುಟದವರೆಗೆ ಮದ್ದಿಗೆ ಕಾದರು. ಮುಗಿದ ಮೇಲೆ ಪುಸ್ತಕ ಕೆಳಗಿಟ್ಟು, "ಇವನಿಗೂ ಗೊತ್ತಿಲ್ಲ" ಅಂದರು. ನನಗಂತೂ ಇದು ತೇಜಸ್ವಿಯವರ ಅತಿ ಚುರುಕಾದ ಪುಸ್ತಕ. ಆದರೆ ಮಧ್ಯದಲ್ಲಿ ಜನ ಜಾಸ್ತಿಯಾಗಿ ಯಾರು ಯಾರ ಕಡೆ ಅಂತ ಎರಡು ಸಲ ಹಿಂದೆ ತಿರುಗಿಸಿದೆ. ಬಲ್ಬಿಗೆ. ಅರ್ಧ ಅಪ್ಪನ ನೆನಪಿಗೆ ಅನ್ನಿ.

'ಘಾಚರ್ ಘೋಚರ್'. ವಿವೇಕ ಶಾನಭಾಗ. ಒಂದೇ ರಾತ್ರಿಗೆ ಮುಗಿಯಿತು. ಮಸಾಲೆ ವ್ಯಾಪಾರದಲ್ಲಿ ದುಡ್ಡು ಬಂದ ಮೇಲೆ ಒಂದು ಮನೆ ಹೇಗೆ ಕೆಡುತ್ತದೆ ಅಂತ. ಇರುವೆಗಳ ಭಾಗ ಓದಿ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಸಕ್ಕರೆ ಡಬ್ಬಿ ಹತ್ತಿರ ಅದೇ ಸಾಲು. ಮೈ ಜುಂ ಅಂದಿತು. ಆದರೆ ಕೊನೆ ಫಕ್ಕನೆ ಕತ್ತರಿಸಿದ ಹಾಗಿದೆ. ನನ್ನ ಪ್ರತಿಯಲ್ಲಿ ಪುಟ ಬಿಟ್ಟುಹೋಗಿದೆಯೇನೋ ಅಂತ ಹೊಲಿಗೆ ಬಿಡಿಸಿ ನೋಡಿದೆ. ನಿಜವಾಗಿ! ಯಾಕೆಂದರೆ ಹೋದ ವರ್ಷ ಆನ್‌ಲೈನಲ್ಲಿ ತರಿಸಿದ ಬೇರೊಂದು ಪುಸ್ತಕದಲ್ಲಿ ಒಂದು ಫಾರಂ, ಅಂದರೆ ಒಟ್ಟಿಗೆ ಹೊಲಿಯುವ ಪುಟಗಳ ಕಟ್ಟು, ಎರಡು ಸಲ ಬಂದು, ಮುಂದಿನ 16 ಪುಟ ಇರಲೇ ಇಲ್ಲ. ಬದಲಾಯಿಸಿ ಕೊಡುವ ಅವಧಿ ಮುಗಿದಿದೆ ಅಂದರು. ನಾಪೋಕ್ಲಿಗೆ ಪಾರ್ಸೆಲ್ ಬರುವಷ್ಟರಲ್ಲೇ ಅವಧಿ ಮುಗಿದಿತ್ತು. ಸರಿ, ಅದು ಬಿಡಿ. ಇದನ್ನು ಎಲ್ಲಿ ಇಡುವುದು ಅಂತ ಇನ್ನೂ ತೀರ್ಮಾನ ಆಗಿಲ್ಲ. ಸದ್ಯ ಫ್ರಿಜ್ ಮೇಲೆ ಇದೆ.

'ತೇಜೋ ತುಂಗಭದ್ರಾ'. ವಸುಧೇಂದ್ರ, 2019. ಲಿಸ್ಬನ್‌ನಲ್ಲಿ ಒಂದು ಕಥೆ, ತುಂಗಭದ್ರೆಯ ದಡದಲ್ಲಿ ಒಂದು ಕಥೆ. ಲಿಸ್ಬನ್ ಭಾಗ ನನಗೆ ಜಾಸ್ತಿ ಹಿಡಿಸಿತು. ಇಷ್ಟು ದೂರದಿಂದ ಹಡಗು ಹತ್ತಿ, ಅರ್ಧ ಜನ ದಾರಿಯಲ್ಲೇ ಸತ್ತು, ಇಲ್ಲಿಗೆ ಬಂದದ್ದು ನಮ್ಮ ಒಳ್ಳೆಮೆಣಸಿಗೆ! ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿ, ಏಣಿ ಇಟ್ಟು, ಬೈದುಕೊಂಡು ಕುಯ್ಯುತ್ತೇವಲ್ಲ, ಅದಕ್ಕೆ. ಈ ವರ್ಷ ಮೆಣಸು ಬಿಡಿಸುವಾಗ ಕೆಲಸದವರಿಗೆಲ್ಲ ಈ ಕಥೆ ಹೇಳಬೇಕು. ದೂರು ಒಂದೇ. ಎಲ್ಲೆಲ್ಲಿಂದಲೋ ಬಂದವರು ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಭೇಟಿಯಾಗುತ್ತಾರೆ. ಗೋಣಿಕೊಪ್ಪ ಸಂತೆಯಲ್ಲಿ ನನಗೆ ನನ್ನ ಸ್ವಂತ ತಂಗಿಯೇ ಸಿಗುವುದಿಲ್ಲ. ಬಲ್ಬಿಗೆ, ಆದರೆ ಬೆಚ್ಚಗಿನ ಎರಡರಲ್ಲಿ ಕೆಳಗಿನ ಖಾನೆ.

'ಪರ್ವ'. ಭೈರಪ್ಪನವರದ್ದು. ಮುಗಿಸಿದೆ. ಕುಂತಿಯ ಭಾಗ ಎರಡು ಸಲ ಓದಿದೆ. ಯುದ್ಧಕ್ಕೆ ಬಂದ ಮೇಲೆ ನನಗೆ ಸುಸ್ತಾಯಿತು, ಹೇಳಿಬಿಡುತ್ತೇನೆ. ದಪ್ಪ ಪುಸ್ತಕ ಬೇಗ ಬೂಷ್ಟು ಹಿಡಿಯುತ್ತದೆ, ಅದಕ್ಕೆ ಬಲ್ಬು ಬೇಕೇ ಬೇಕು. ಸಾಹಿತ್ಯಕ್ಕೆ ಸಂಬಂಧ ಇಲ್ಲದ ಕಾರಣ, ಗೊತ್ತು.

'ಚಿಕ್ಕವೀರ ರಾಜೇಂದ್ರ'. ಕೊಡಗಿನ ಕೊನೆಯ ರಾಜನ ಕಾದಂಬರಿ. ಇದನ್ನು ಬರೆಯಲು ಹಿಂದೆಮುಂದೆ ನೋಡಿದೆ. ಮಾಸ್ತಿಯವರ ಕನ್ನಡ ಎಷ್ಟು ಚೆನ್ನ ಅಂದರೆ ಬಚ್ಚಲ ಒಲೆ ಮುಂದೆ ಕೂತು ಯಾರೋ ಹೇಳಿದ ಹಾಗಿದೆ. ಆದರೂ ನನಗೆ ಅದು ಕೊಡಗು ಅನ್ನಿಸಲಿಲ್ಲ. ಅರಮನೆ, ಮಂತ್ರಿಗಳು, ಪಿತೂರಿ, ಎಲ್ಲ ಇದೆ. ನಮ್ಮ ಒದ್ದೆ ಇಲ್ಲ. ಜನ ಮಾತಾಡುವುದು ಮೈಸೂರು ಬೆಂಗಳೂರಿನ ಹಜಾರದಲ್ಲಿ ಕೂತು ಮಾತಾಡಿದ ಹಾಗೆ. ಇಷ್ಟು ಸೊಗಸಾಗಿ ಬರೆದ ಪುಸ್ತಕದಲ್ಲಿ ನಮ್ಮೂರನ್ನು ಹುಡುಕುವುದು ನನ್ನದೇ ತಪ್ಪಿರಬಹುದು. ಅಟ್ಟಕ್ಕೆ. ಕೈ ನಡುಗುತ್ತಾ ಬರೆದೆ.

ಕೊಡಗಿನ ಗೌರಮ್ಮನ 'ಕಂಬನಿ'. ಇದರ ಬಗ್ಗೆ ನಾಳೆ ಬರೆಯುತ್ತೇನೆ, ಒಂದು ಸಾಲಿನಲ್ಲಿ ಮುಗಿಯುವುದಿಲ್ಲ.

'ಕುಸುಮಬಾಲೆ'. ಮೂರನೇ ಸಲ ಸೋತೆ. ದೇವನೂರ ಮಹಾದೇವರ ಮೇಲೆ ಗೌರವ ಇದೆ. ಚಿಕ್ಕ ಪುಸ್ತಕ. ಆದರೂ ಒಂದು ಪುಟ ಓದಲು ಅರ್ಧ ಗಂಟೆ ಹಿಡಿದರೆ ಏನು ಮಾಡುವುದು? ಅಟ್ಟಕ್ಕೆ ಹೋಗುವ ಮೊದಲು ಯಾರಾದರೂ ಕಾಪಾಡುವವರಿದ್ದರೆ ಹೇಳಿ.

---

ಮಡಿಕೇರಿ ಮಂಜು

ಅಕ್ಕಾ, ಒಂದು ಡೌಟು. ಮಳೆಗಾಲದಲ್ಲಿ ಕರೆಂಟೇ ಇರುವುದಿಲ್ಲ, ಬಲ್ಬು ಹೇಗೆ ಉರಿಯುತ್ತದೆ?

ತೋಟದಮನೆ ಅಕ್ಕ

ಬಂದಾಗ ಉರಿಯುತ್ತದೆ. ಬಾರದಿದ್ದರೆ ಕಪಾಟಿನ ಬಾಗಿಲು ತೆಗೆದು ಕೆಂಡದ ಬಾಣಲೆ ದೂರ ಇಟ್ಟು ಕಾವಲು ಕೂರುತ್ತೇನೆ. ನಗಬೇಡಿ.

ಗೋಣಿಕೊಪ್ಪ ಸಂತೆ

ಚಿಕ್ಕವೀರ ರಾಜೇಂದ್ರ ಅಟ್ಟಕ್ಕಾ? ಅಕ್ಕ, ಪ್ರೀತಿಯಿಂದಲೇ ಹೇಳುತ್ತೇನೆ, ಇದು ಅನ್ಯಾಯ. ಅದು ಮಳೆಯ ಕಾದಂಬರಿ ಅಲ್ಲ. ಒಬ್ಬ ರಾಜ ತನ್ನ ಜನರನ್ನು ಒಬ್ಬೊಬ್ಬರನ್ನಾಗಿ ಕಳೆದುಕೊಳ್ಳುವ ಕಾದಂಬರಿ. ಮಂತ್ರಿ ಬೋಪಣ್ಣ ಹೇಗೆ ನಿಧಾನವಾಗಿ ದೂರ ಸರಿಯುತ್ತಾನೆ ನೋಡಿ. ಒಂದೇ ದಿನದಲ್ಲಿ ತಿರುಗಿ ಬೀಳುವುದಿಲ್ಲ. ಇಷ್ಟಿಷ್ಟೇ. ಅದನ್ನು ಬರೆಯುವುದು ಸುಲಭ ಅಲ್ಲ.

ನಮ್ಮ ಅಜ್ಜನಿಗೂ ಆ ಪುಸ್ತಕ ಕಂಡರೆ ಆಗುತ್ತಿರಲಿಲ್ಲ. "ನಮ್ಮವರೇ ಬಿಳಿಯರಿಗೆ ಬಾಗಿಲು ತೆಗೆದರು ಅಂತ ಬರೆದಿದ್ದಾನೆ" ಅಂತ ಸಿಟ್ಟು. ಓದಿದ್ರಾ ಅಜ್ಜ ಅಂದರೆ, "ಓದೋದು ಯಾಕೆ, ಗೊತ್ತು" ಅನ್ನುತ್ತಿದ್ದರು. ನಾನು ಓದಿದ ಮೇಲೆ ಅನ್ನಿಸಿದ್ದು ಇಷ್ಟು: ಮಾಸ್ತಿ ಯಾರನ್ನೂ ಪೂರ್ತಿ ಕೆಟ್ಟವನು ಮಾಡುವುದಿಲ್ಲ, ಆ ರಾಜನನ್ನೂ. ಅದೇ ಕೆಲವರಿಗೆ ಸಹಿಸಲು ಆಗುವುದಿಲ್ಲ.

ನಿವೃತ್ತ ಮೇಷ್ಟ್ರು (ಮಡಿಕೇರಿ)

ಇಬ್ಬರೂ ಸರಿಯಾಗಿಯೇ ಹೇಳಿದ್ದೀರಿ. ನನ್ನದೂ ಸ್ವಲ್ಪ ಸೇರಿಸುತ್ತೇನೆ.

ಆ ಕಾದಂಬರಿ 1956ರದ್ದು. ಮಾಸ್ತಿಯವರಿಗೆ ಜ್ಞಾನಪೀಠ ಬಂದದ್ದು 1983ರಲ್ಲಿ. ಹುಡುಗರಿಗೆ ಪಾಠ ಮಾಡುವಾಗ ನಾನು ಅವರನ್ನು ಮೊದಲು ಗದ್ದಿಗೆಗೆ ಕರೆದುಕೊಂಡು ಹೋಗುತ್ತಿದ್ದೆ. ದೊಡ್ಡವೀರರಾಜೇಂದ್ರನ ಸಮಾಧಿ ಇದೆ, ಲಿಂಗರಾಜೇಂದ್ರನ ಸಮಾಧಿ ಇದೆ. ಕೊನೆಯ ರಾಜ ಎಲ್ಲಿ ಸರ್ ಅಂತ ಯಾವನಾದರೂ ಒಬ್ಬ ಕೇಳಿಯೇ ಕೇಳುತ್ತಿದ್ದ. ಅಲ್ಲಿಂದ ಪಾಠ ಶುರು. 1834ರಲ್ಲಿ ಕಂಪನಿ ಸರಕಾರ ಕೊಡಗನ್ನು ತೆಗೆದುಕೊಂಡಿತು. ರಾಜ ನಾಲ್ಕುನಾಡು ಅರಮನೆಗೆ ಹೋಗಿ ಸೇರಿಕೊಂಡಿದ್ದ, ಕೊನೆಗೆ ಶರಣಾದ. ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಅಲ್ಲಿ ಅವಳಿಗೆ ಕ್ರೈಸ್ತ ದೀಕ್ಷೆ ಆಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ, ಹೆಸರೂ ವಿಕ್ಟೋರಿಯಾ ಗೌರಮ್ಮ. ರಾಜ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಮಗಳು 1864ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿ.

ಇಷ್ಟು ಹೇಳಿ ಪುಸ್ತಕ ಕೈಗೆ ಕೊಟ್ಟರೆ ಹುಡುಗರು ಓದುತ್ತಿದ್ದರು. ತೋಟದಮನೆಯವರೇ, ನೀವು ಒಂದು ಸಲ ಕಕ್ಕಬ್ಬೆ ಕಡೆ ಹೋಗಿ ನಾಲ್ಕುನಾಡು ಅರಮನೆಯ ಜಗಲಿಯಲ್ಲಿ ಕೂತು ಬನ್ನಿ. ನಿಮಗೆ ದೂರ ಏನಿಲ್ಲ. ಆಮೇಲೂ ಅಟ್ಟವೇ ಅಂದರೆ ನನ್ನದೇನೂ ತಕರಾರಿಲ್ಲ.

ತೋಟದಮನೆ ಅಕ್ಕ

ಮೇಷ್ಟ್ರೇ, ಆ ಮನೆಗೆ ಹೋಗಿದ್ದೇನೆ. ಗೋಡೆ ಮೇಲಿನ ಚಿತ್ರದ ಮೇಲೆ ಹುಡುಗರು ಹೆಸರು ಕೆತ್ತಿದ್ದು ನೋಡಿ ಬೇಜಾರಾಗಿ ವಾಪಸ್ ಬಂದೆ. ಮಳೆ ಬಿಟ್ಟ ಮೇಲೆ ಇನ್ನೊಮ್ಮೆ ಹೋಗುತ್ತೇನೆ, ಪುಸ್ತಕ ತೆಗೆದುಕೊಂಡೇ. ಅಲ್ಲಿಯವರೆಗೆ ಅಟ್ಟದ ಏಣಿಯ ಮೊದಲ ಮೆಟ್ಟಿಲಲ್ಲಿ ಇರಲಿ.

ಸೋಮವಾರಪೇಟೆ ಹುಡುಗ

ಎಲ್ಲರೂ ದೊಡ್ಡ ದೊಡ್ಡದು ಹೇಳುತ್ತಿದ್ದೀರಿ. ನಾನು ತೇಜಸ್ವಿಯವರ 'ಕರ್ವಾಲೋ' ಹೇಳುತ್ತೇನೆ. ಎಷ್ಟನೇ ಸಲ ಅಂತ ಲೆಕ್ಕ ಇಲ್ಲ. ಆ ಮಂದಣ್ಣ ಮೂಡಿಗೆರೆಯವನಂತೆ, ಆದರೆ ಹೆಸರು ನೋಡಿದರೆ ನಮ್ಮ ಕಡೆಯವನೇ ಅಲ್ವಾ? ನಮ್ಮ ಕ್ಲಾಸಲ್ಲೇ ಇಬ್ಬರು ಮಂದಣ್ಣ ಇದ್ದರು. ಇಬ್ಬರೂ ಜೇನು ಕೀಳುವವರು, ಇಬ್ಬರಿಗೂ ಗಣಿತ ಬರುತ್ತಿರಲಿಲ್ಲ.

ನನ್ನ ತಕರಾರು ಏನು ಅಂದರೆ, ಅಷ್ಟು ಕಷ್ಟಪಟ್ಟು ಕಾಡು ಸುತ್ತಿ ಹುಡುಕುವ ಹಾರುವ ಓತಿ ನಮ್ಮ ಅಡಿಕೆ ತೋಟದಲ್ಲಿ ದಿನಾ ಕಾಣುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ಸುಯ್ ಅಂತ. ಗಂಟಲ ಹತ್ತಿರ ಹಳದಿ ಚೀಲ ಆಡಿಸುತ್ತಾ ಕೂತಿರುತ್ತದೆ. ಅದೇ ಅಂತ ತೋರಿಸಿದರೆ ನಮ್ಮಮ್ಮ, "ಇದನ್ನ ನೋಡೋಕೆ ಪುಸ್ತಕ ಬೇರೆ ಬರೀಬೇಕಾ" ಅಂದರು.

ಬಾಳೆಲೆ ಓದುಗ

ತಮ್ಮಾ, ಕಾದಂಬರಿಯ ಓತಿ ಬೇರೆ. ಕೋಟಿ ವರ್ಷದ ಹಿಂದಿನದ್ದು ಉಳಿದುಕೊಂಡಿದೆ ಅಂತ ತಾನೇ ಅವರ ಹುಡುಕಾಟ. ನಿಮ್ಮ ತೋಟದ್ದು ಅದರ ಮೊಮ್ಮಗ ಇರಬಹುದು. ಮತ್ತೆ ಆ ಪುಸ್ತಕದಲ್ಲಿ ಓತಿಗಿಂತ ಮಂದಣ್ಣನೇ ಅಪರೂಪದ ಪ್ರಾಣಿ. ಶಾಲೆಯಲ್ಲಿ ದಡ್ಡ, ಕಾಡಿನಲ್ಲಿ ಪಂಡಿತ. ಅವನನ್ನು ಗುರುತಿಸಿದ್ದು ವಿಜ್ಞಾನಿ ಕರ್ವಾಲೋ ಒಬ್ಬರೇ. ನಿಮ್ಮ ಇಬ್ಬರು ಮಂದಣ್ಣಂದಿರು ಈಗ ಏನು ಮಾಡುತ್ತಿದ್ದಾರೆ?

ಸೋಮವಾರಪೇಟೆ ಹುಡುಗ

ಒಬ್ಬ ಹೋಂಸ್ಟೇ. ಇನ್ನೊಬ್ಬ ನಾನೇ.

ಬಾಳೆಲೆ ಓದುಗ

😄 ಗೆದ್ದೆ ಬಿಡು.

ನಾನು ಈ ವರ್ಷ ಇಂಗ್ಲಿಷ್‌ನಲ್ಲಿ ಕೊಡಗಿನ ಮೇಲೆ ಬಂದ ಕಾದಂಬರಿಗಳನ್ನು ಓದಿದೆ. ಸರಿತಾ ಮಂದಣ್ಣ ಅವರ 'ಟೈಗರ್ ಹಿಲ್ಸ್', 2010ರದ್ದು. 1878ರಲ್ಲಿ ನಾಯಕಿ ದೇವಿ ಹುಟ್ಟುವಲ್ಲಿಂದ ಶುರುವಾಗುತ್ತದೆ. ಆರಂಭ ಬಹಳ ಚೆನ್ನ, ಆ ಕೊಕ್ಕರೆಗಳ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಮುಂದೆ ಮುಂದೆ ದುಃಖದ ಮೇಲೆ ದುಃಖ ಪೇರಿಸಿದ್ದಾರೆ ಅನ್ನಿಸಿತು. ಕಾವೇರಿ ನಂಬೀಸನ್ ಅವರ 'ದಿ ಸೆಂಟ್ ಆಫ್ ಪೆಪ್ಪರ್' 1996ರದ್ದು. ಅದು ನನಗೆ ಜಾಸ್ತಿ ಹತ್ತಿರ. ಅವರು ಸರ್ಜನ್, ಬರವಣಿಗೆಯಲ್ಲೂ ಕತ್ತಿ ಚೂಪು. ನಗಿಸಿಕೊಂಡೇ ಕುಯ್ಯುತ್ತಾರೆ. ಎರಡನ್ನೂ ಓದುವಾಗ ಒಂದು ಮಾತ್ರ ಕಾಡಿತು. ನಮ್ಮ ಮನೆಗೆ ನೆಂಟರು ಬಂದಾಗ ಅಮ್ಮ ಷೋಕೇಸ್ ತೋರಿಸುತ್ತಾರಲ್ಲ, ಅಂಥದ್ದು ಏನೋ ಒಂದು. ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ನಮಗೆ ಗೊತ್ತು, ಓದುವ ಬೇರೆಯವರಿಗೆ ಹೇಳಬೇಕು. ಇಂಗ್ಲಿಷ್‌ನಲ್ಲಿ ಬರೆದರೆ ಅದು ತಪ್ಪಿದ್ದಲ್ಲವೇನೋ.

ಎಂ.ಎನ್. ಶ್ರೀನಿವಾಸರ 1952ರ ಪುಸ್ತಕ, ಕೊಡವರ ಧರ್ಮ ಮತ್ತು ಸಮಾಜದ ಮೇಲಿನದು, ಅದನ್ನೂ ಹಿಡಿದೆ. 'ಸಂಸ್ಕೃತೀಕರಣ' (ಕೆಳಗಿನ ಜಾತಿಯವರು ಮೇಲಿನ ಜಾತಿಯವರ ಆಚಾರ ಅನುಸರಿಸುವುದು) ಅನ್ನುವ ಮಾತನ್ನು ಅವರು ಚಲಾವಣೆಗೆ ತಂದದ್ದು ಅದರಲ್ಲೇ. ಒಕ್ಕದ (ಒಂದೇ ಮೂಲದ ದೊಡ್ಡ ಕುಟುಂಬ) ಬಗ್ಗೆ ಬರೆದಿರುವ ಅಧ್ಯಾಯ ಓದಿ ನಮ್ಮ ಐನ್‌ಮನೆ (ಒಕ್ಕದ ಮೂಲಮನೆ) ಜಗಳ ಯಾಕೆ ಮುಗಿಯುವುದಿಲ್ಲ ಅಂತ ಅರ್ಥವಾಯಿತು. ಉಳಿದದ್ದು ಒಣ ಒಣ. ನಿಮ್ಮ ಅಟ್ಟದಲ್ಲೂ ಬೂಷ್ಟು ಹಿಡಿಯದಷ್ಟು ಒಣ.

ನಿವೃತ್ತ ಮೇಷ್ಟ್ರು

'ಪಟ್ಟೋಲೆ ಪಳಮೆ' ಯಾರೂ ಹೇಳಲಿಲ್ಲವಲ್ಲ? ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಕೆಲಸದಲ್ಲಿದ್ದುಕೊಂಡು ಊರೂರಲ್ಲಿ ಹಾಡು ಕೇಳಿ ಬರೆದುಕೊಂಡದ್ದು. 1924ರಲ್ಲಿ ಅಚ್ಚಾಯಿತು. ಕೊಡವ ಭಾಷೆ, ಕನ್ನಡ ಲಿಪಿ. ಅವರ ಮೊಮ್ಮಕ್ಕಳೇ ಅದನ್ನು ಇಂಗ್ಲಿಷ್‌ಗೂ ತಂದರು, 2003ರಲ್ಲಿ.

ತೋಟದಮನೆ ಅಕ್ಕ

ಮೇಷ್ಟ್ರೇ, ಅದು ನಮ್ಮಲ್ಲಿ ಬಲ್ಬಿಗೂ ಇಲ್ಲ, ಅಟ್ಟಕ್ಕೂ ಇಲ್ಲ. ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ಮನೆಯ ನಡುಕೋಣೆಯಲ್ಲಿ, ತೂಗುದೀಪದ ಪಕ್ಕದ ಗೂಡಿನಲ್ಲಿ ಇದೆ. ಆದರೆ ಪ್ರಾಮಾಣಿಕವಾಗಿ ಹೇಳಬೇಕು ಅಂದರೆ, ಅದನ್ನು ಮೊದಲಿಂದ ಕೊನೆಯವರೆಗೆ ಓದಲು ಹೋಗಿ ಆಗಲಿಲ್ಲ. ಕಣ್ಣಲ್ಲಿ ಓದಿದರೆ ಒಂದೇ ಮಾತು ಮತ್ತೆ ಮತ್ತೆ ಬಂದ ಹಾಗೆ. ಪುತ್ತರಿ ಸುಗ್ಗಿ ಹಬ್ಬಕ್ಕೆ ನಾಲ್ಕು ಜನ ದುಡಿ ಹಿಡಿದು ಹಾಡಿದಾಗ ಅದೇ ಸಾಲು ಬೇರೆಯಾಗಿ ಕೇಳುತ್ತದೆ. ಇಬ್ಬರು ಹೇಳಿ ನಿಲ್ಲಿಸುತ್ತಾರೆ, ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ, ನಡುವಿನ ಆ ಒಂದು ಉಸಿರು ಪುಸ್ತಕದಲ್ಲಿ ಎಲ್ಲಿದೆ?

ಈಗ 'ಕಂಬನಿ'ಯ ಗೌರಮ್ಮ. ನಾಳೆ ಬರೆಯುತ್ತೇನೆ ಅಂದವಳು ಮೂರು ದಿನ ತಗೊಂಡೆ.

ಅವರು 1912ರಲ್ಲಿ ಹುಟ್ಟಿ 1939ರಲ್ಲಿ ಹೋದರು. 27 ವರ್ಷ. ಈಜಲು ಹೋಗಿ ನೀರಿನ ಪಾಲಾದರು. 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಅಂತ ಬರೆಯುತ್ತಿದ್ದರು. ಗಾಂಧೀಜಿ 1934ರಲ್ಲಿ ಕೊಡಗಿಗೆ ಬಂದಾಗ ಮೈಮೇಲಿನ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. ಬೇಂದ್ರೆಯವರು 'ತಂಗಿ ಗೌರಮ್ಮ' ಅಂತ ಕವಿತೆಯನ್ನೇ ಬರೆದರು. ಇದೆಲ್ಲ ನಮಗೆ ಬಾಯಿಪಾಠ. ಶಾಲೆಯಲ್ಲಿ ಭಾಷಣ ಮಾಡಿದ್ದೇವೆ. ಆದರೆ ಕಥೆ ಓದಿದವರು ಎಷ್ಟು ಜನ? ನಾನೇ ಐವತ್ತು ದಾಟಿದ ಮೇಲೆ ಓದಿದೆ. ನಾಚಿಕೆ.

ಎಲ್ಲ ಕಥೆಯೂ ಒಂದೇ ತೂಕ ಅಲ್ಲ. ಕೆಲವು ಕಡೆ ಮುಗಿಸುವ ಆತುರ ಕಾಣುತ್ತದೆ. ಎಲ್ಲಿ ಇನ್ನೊಂದು ಪುಟ ಬೇಕಿತ್ತೋ ಅಲ್ಲಿ ನಿಂತುಬಿಡುತ್ತದೆ. ಅವರ ಬದುಕು ನೆನಪಾಗಿ ಹೀಗೆ ಅನ್ನಿಸುತ್ತಿದೆಯಾ, ಕಥೆಯಲ್ಲೇ ಹಾಗಿದೆಯಾ, ನನಗೇ ಗೊತ್ತಾಗಲಿಲ್ಲ. ಆದರೆ ಆ ಕಾಲದಲ್ಲಿ, ವಿಧವೆಯರ ಮನಸ್ಸಿನಲ್ಲಿ ಆಸೆ ಇರುತ್ತದೆ ಅಂತ ಬರೆದಿದ್ದಾರಲ್ಲ, ಬೋಧನೆ ಮಾಡದೆ, ಅತ್ತು ಕರೆಯದೆ. 'ವಾಣಿಯ ಸಮಸ್ಯೆ' ಓದಿ. ಪಕ್ಕದ ಮನೆಯವರು ಕಿಟಕಿಯಿಂದ ನೋಡಿದ್ದನ್ನು ಹೇಳಿದಷ್ಟು ಸಾದಾ. ನನಗೆ ಸಿಕ್ಕಿದ್ದು ಹಳೇ ಪ್ರತಿ. ಕಾಗದ ಹಪ್ಪಳದ ಹಾಗೆ. ತಿರುಗಿಸುವಾಗ ಮೂಲೆ ಮುರಿಯುತ್ತದೆ. ಬಿಸಿಲು ಬಂದ ಒಂದು ದಿನ ಕಾಫಿ ಕಣದಲ್ಲಿ ಚಾಪೆ ಹಾಸಿ, ನಾಯಿ ಹತ್ತಿರ ಬರದ ಹಾಗೆ ಕೋಲು ಹಿಡಿದು ಕೂತು, ಒಂದೊಂದೇ ಹಾಳೆ ಬಿಡಿಸಿ ಒಣಗಿಸಿದೆ. ಬಲ್ಬಿಗೆ. ಬಲ್ಬಿನ ನೇರ ಮೇಲೆ ಅಲ್ಲ, ಸ್ವಲ್ಪ ಬದಿಗೆ. ಜಾಸ್ತಿ ಕಾವು ತಡೆಯುವುದಿಲ್ಲ.

ಮಡಿಕೇರಿ ಮಂಜು

ಗೌರಮ್ಮನ ಕಥೆಗಳನ್ನು ಇಂಗ್ಲಿಷ್‌ಗೆ ತಂದವರು ನಮ್ಮ ಮಡಿಕೇರಿಯ ದೀಪಾ ಭಾಸ್ತಿ. 2023ರಲ್ಲಿ ಬಂತು. ಆಮೇಲೆ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದ 'ಹಾರ್ಟ್ ಲ್ಯಾಂಪ್'ಗೆ 2025ರ ಅಂತರರಾಷ್ಟ್ರೀಯ ಬೂಕರ್. ಕನ್ನಡಕ್ಕೆ ಮೊದಲನೆಯದ್ದು, ಕಥಾಸಂಕಲನಕ್ಕೂ ಮೊದಲನೆಯದ್ದು. ಅವತ್ತು ನಮ್ಮ ಬೀದಿಯಲ್ಲಿ ಪಟಾಕಿ ಹೊಡೆಯಲಿಲ್ಲ ಅನ್ನುವುದೇ ಆಶ್ಚರ್ಯ. ಕ್ರಿಕೆಟ್‌ಗೆ ಹೊಡೆಯುತ್ತಾರೆ.

ನಾನು 'ಎದೆಯ ಹಣತೆ' ಕನ್ನಡದಲ್ಲೇ ಓದಿದೆ. ಒಂದು ರಾತ್ರಿಗೆ ಒಂದೇ ಕಥೆ. ಎರಡು ಓದಲು ಆಗುವುದಿಲ್ಲ, ಉಸಿರು ಕಟ್ಟುತ್ತದೆ. ಅದೇ ಹೆಸರಿನ ಕಥೆಯಲ್ಲಿ ಸೀಮೆಎಣ್ಣೆ ಸುರಿದುಕೊಂಡ ತಾಯಿಯನ್ನು ಮಗಳು ತಡೆಯುವ ಜಾಗ ಓದಿ ಪಕ್ಕದಲ್ಲಿ ಮಲಗಿದ್ದ ನನ್ನ ಮಗಳ ಕೈ ಹಿಡಿದುಕೊಂಡೆ. ಅವಳು ನಿದ್ದೆಯಲ್ಲಿ ಒದ್ದಳು. ನನ್ನ ದೂರು ಅಂದರೆ ಕೆಲವು ಗಂಡಸರು ಒಂದೇ ಅಚ್ಚಿನಲ್ಲಿ ಹೊಯ್ದ ಹಾಗಿದ್ದಾರೆ. ನಮ್ಮತ್ತೆಗೆ ಹೇಳಿದೆ. "ನಿಜವಾದವರೂ ಹಾಗೇ ಇರ್ತಾರೆ" ಅಂದರು.

ಗೋಣಿಕೊಪ್ಪ ಸಂತೆ

ಘಾಚರ್ ಘೋಚರ್ ಕೊನೆ ಬಗ್ಗೆ ಯಾರೂ ಮಾತಾಡಲಿಲ್ಲ. ಅಕ್ಕಾ, ಹೊಲಿಗೆ ಬಿಚ್ಚುವ ಮೊದಲು ಕೊನೆ ಪುಟದಲ್ಲಿ ಕಾಫಿ ಹೌಸಿನ ವಿನ್ಸೆಂಟ್ ಹೇಳುವ ಮಾತನ್ನು ಇನ್ನೊಮ್ಮೆ ಓದಿ. ಎಲ್ಲ ಅಲ್ಲೇ ಇದೆ. ಇನ್ನೊಂದು ಸಾಲು ಬರೆದಿದ್ದರೂ ಹಾಳಾಗುತ್ತಿತ್ತು.

ತೋಟದಮನೆ ಅಕ್ಕ

ಓದಿದೆ. ಅಯ್ಯೋ. ಮೊದಲ ಸಲ ನಿದ್ದೆಗಣ್ಣಲ್ಲಿ ದಾಟಿಹೋಗಿತ್ತು. ಫ್ರಿಜ್ ಮೇಲಿಂದ ಇಳಿಸಿದೆ. ಮೇಲಿನ ಖಾನೆ.

ರಸಬಾಳೆ (ಊರು ನಂಜನಗೂಡು, ಕೆಲಸ ಕುಶಾಲನಗರ)

ತಡವಾಗಿ ಬಂದೆ. ಕುಸುಮಬಾಲೆ ಅಟ್ಟಕ್ಕೆ ಹೋಗಿಬಿಟ್ಟಿತಾ? ನಿಲ್ಲಿ ನಿಲ್ಲಿ.

ಅಕ್ಕ, ನೀವೇ ಮೇಲೆ ಬರೆದಿದ್ದೀರಿ, ಪಟ್ಟೋಲೆ ಪಳಮೆ ಕಣ್ಣಲ್ಲಿ ಓದಿದರೆ ಆಗುವುದಿಲ್ಲ ಅಂತ. ಇದೂ ಅದೇ ಜಾತಿ. 1984ರಲ್ಲಿ ಬಂದಾಗ ಓದಿದ ದೊಡ್ಡವರೂ ಕಕ್ಕಾಬಿಕ್ಕಿ ಆಗಿದ್ದರಂತೆ. ದೇವನೂರು ನಂಜನಗೂಡು ತಾಲ್ಲೂಕು. ನಮ್ಮ ಕಡೆ ಅಜ್ಜಿಯರು ಮಾತಾಡುವುದೇ ಹಾಗೆ, ಅರ್ಧ ಪದ ನುಂಗಿ, ಉಳಿದ ಅರ್ಧ ಎಳೆದು. ಅಚ್ಚಿನಲ್ಲಿ ನೋಡಿದರೆ ಬೇರೆ ಭಾಷೆ. ಬಾಯಲ್ಲಿ ಬಂದರೆ ಕನ್ನಡ. ಮಂಚ ಮಾತಾಡುವ ಭಾಗ, ದೀಪದ ಆತ್ಮಗಳಾದ ಜೋತಮ್ಮಂದಿರು ಸೇರುವ ಭಾಗ, ಅವನ್ನು ಗಟ್ಟಿಯಾಗಿ ಓದಿ. ನಮ್ಮ ಕಡೆಯವರು ಯಾರಾದರೂ ಸಿಕ್ಕರೆ ಅವರ ಬಾಯಲ್ಲಿ ಓದಿಸಿ. ಕೊಡಗಿನ ತೋಟಗಳಲ್ಲಿ ನಮ್ಮ ಕಡೆಯವರಿಗೆ ಏನು ಕಮ್ಮಿ.

ತೋಟದಮನೆ ಅಕ್ಕ

ಪಕ್ಕದ ಎಸ್ಟೇಟಿನ ರೈಟರ್ ನಂಜನಗೂಡು ಕಡೆಯವರೇ! ಲೆಕ್ಕ ಬರೆಯುವುದು ಬಿಟ್ಟು ಬೇರೆ ಮಾತಾಡಿದ್ದು ನಾನು ಕೇಳಿಲ್ಲ. ನೋಡುತ್ತೇನೆ.

ಬಾಳೆಲೆ ಓದುಗ

ಏನಾಯ್ತು ಅಕ್ಕ? ಹತ್ತು ದಿನ ಆಯಿತು.

ತೋಟದಮನೆ ಅಕ್ಕ

ಟವರ್ ಇರಲಿಲ್ಲ. ಹೇಳುತ್ತೇನೆ.

ಭಾನುವಾರ ಅವರು ಹಾಲಿಗೆ ಬಂದಾಗ ಪುಸ್ತಕ ಕೈಗೆ ಕೊಟ್ಟೆ. "ಏನಮ್ಮಾ ಇದು, ನಮ್ಮ ಊರ್ ಹೆಸ್ರು" ಅಂದರು. ಒಂದು ಪುಟ ಗಟ್ಟಿಯಾಗಿ ಓದಿ ಅಂದೆ. ಮೊದಲು ನಾಚಿಕೊಂಡರು, ಶಾಲೆ ಹುಡುಗನ ಹಾಗೆ ಬೆರಳಿಟ್ಟು ಒಂದೊಂದೇ ಪದ ಓದಿದರು. ಎಂಟು ಹತ್ತು ಸಾಲು ಹೋದ ಮೇಲೆ ಬೆರಳು ತೆಗೆದರು. ದನಿಯೇ ಬದಲಾಯಿತು. ಅಡುಗೆಮನೆಯಿಂದ ನಮ್ಮತ್ತೆ ಬಂದು ನಿಂತರು. ಪಾತ್ರೆ ತೊಳೆಯುತ್ತಿದ್ದ ಲೈನ್‌ಮನೆ ಹುಡುಗಿ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು, ಅವಳದ್ದೂ ಆ ಕಡೆಯೇ ಊರು. ಒಂದು ಕಡೆ ಇಬ್ಬರೂ ಒಟ್ಟಿಗೇ ನಕ್ಕರು. ನನಗೆ ಯಾಕೆ ಅಂತ ಗೊತ್ತಾಗಲಿಲ್ಲ. ಅವಳು ವಿವರಿಸಲು ಹೋಗಿ ಮತ್ತೆ ನಕ್ಕಳು. ಇನ್ನೊಂದು ಕಡೆ ರೈಟರ್ ನಿಲ್ಲಿಸಿ, ಮುಂದಿನ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡು, ಗಟ್ಟಿಯಾಗಿ ಓದದೆ ಪುಟ ತಿರುಗಿಸಿದರು. ಕಾದಂಬರಿಯಲ್ಲಿ ಕೊಲೆಯಾದ ದಲಿತ ಹುಡುಗ ಚೆನ್ನನ ವಿಷಯ ಅಲ್ಲಿತ್ತು. ಯಾರೂ ಕೇಳಲಿಲ್ಲ.

ಹಾಲು ತಣ್ಣಗಾಯಿತು. "ತಗೊಂಡ್ ಹೋಗ್ಲಾ ಅಮ್ಮಾ" ಅಂದರು. ಕೊಟ್ಟೆ.

ರಸಬಾಳೆ

ಅಕ್ಕ, ಅವರ ಹತ್ತಿರ ಬಲ್ಬ್ ಕಪಾಟು ಇದೆಯಾ?

ತೋಟದಮನೆ ಅಕ್ಕ

ಅದನ್ನೇ ಯೋಚಿಸುತ್ತಿದ್ದೇನೆ. ಅವರ ಕ್ವಾರ್ಟರ್ಸಲ್ಲಿ ನಮಗಿಂತ ಥಂಡಿ. ಅಷ್ಟರಲ್ಲಿ ನಮ್ಮದೇ 40 ವ್ಯಾಟ್ ಬಲ್ಬು ಮೊನ್ನೆ ಗುಡುಗಿಗೆ ಹೋಯಿತು. ಮೂರು ಅಂಗಡಿ ಕೇಳಿದೆ, ಎಲ್ಲ ಕಡೆ ಎಲ್‌ಇಡಿ. ಅದು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಹಳೇ ಗಾಜಿನ ಬಲ್ಬು ಯಾರ ಬಳಿಯಾದರೂ ಇದ್ದರೆ ಹೇಳಿ.

ನಿವೃತ್ತ ಮೇಷ್ಟ್ರು

ನನ್ನ ಹತ್ತಿರ ನಾಲ್ಕಿದೆ, ಒಂದು 60 ವ್ಯಾಟಿನದು. ಬಟ್ಟೆ ಸುತ್ತಿ ನಾಪೋಕ್ಲು ಬಸ್ಸಿನಲ್ಲಿ ಕಂಡಕ್ಟರ್ ಕೈಗೆ ಕೊಡುತ್ತೇನೆ. ಎರಡು ನಿಮಗೆ, ಎರಡು ರೈಟರಿಗೆ. ಮಾಸ್ತಿಯವರನ್ನು ಏಣಿಯಿಂದ ಇಳಿಸಬೇಕು ಅನ್ನುವುದು ಮಾತ್ರ ಷರತ್ತು.

ಸೋಮವಾರಪೇಟೆ ಹುಡುಗ

60 ವ್ಯಾಟ್ ಹಾಕಬೇಡಿ ಅಕ್ಕ. ಗೌರಮ್ಮ ಸುಟ್ಟುಹೋಗುತ್ತಾರೆ.